ಟಿವಿಗೆ ಕಾಮಾಲೆ ಬಂದಿದೆ ಅಂದ್ರು ಅತ್ತೆ

ಹೋದ ತಿಂಗಳು ಇದೇ ಅಂಕಣದ ಕೊನೆಯಲ್ಲಿ ನಮ್ಮನೆ ಹೊಸ ಟಿವಿ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಕಾಫಿ ರೇಟಿನ ಬಗ್ಗೆ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ, ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಟಿವಿ ರಿಪೇರಿಯವಳಲ್ಲ. ಕೊಡಗಿನ ನಾಪೋಕ್ಲು ಹತ್ತಿರ ತೋಟದ ಮನೆ, 43 ಇಂಚಿನ 4ಕೆ ಎಲ್‌ಇಡಿ ಟಿವಿ, ಕೊಂಡದ್ದು 2025ರ ಮೇ ತಿಂಗಳಲ್ಲಿ. ಒಂದು ಪೂರ್ತಿ ಮಳೆಗಾಲ ಅದು ನಮ್ಮ ಜೊತೆ ಕಳೆದಿದೆ, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಕಂಪನಿ ಹೆಸರು ಮಾತ್ರ ಕೇಳಬೇಡಿ.

ಪ್ರಶ್ನೆ: ಅಂಗಡಿಯಲ್ಲಿ ಜೇನುತುಪ್ಪ ಸುರಿಯೋದು, ಗಿಳಿ ರೆಕ್ಕೆ ಬಿಚ್ಚೋದು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಮನೆಗೆ ತಂದು ಹಾಕಿದರೆ ಸೀರಿಯಲ್ಲಿನವರ ಮುಖವೆಲ್ಲ ಮಸುಕು. ಹಳೇ ಡಬ್ಬಾ ಟಿವಿಯೇ ವಾಸಿ ಅಂತಾರೆ ನಮ್ಮವರು. ನಾವು ಮೋಸ ಹೋದೆವಾ ಅಕ್ಕ?
(ಗೋಣಿಕೊಪ್ಪದಿಂದ)

ಉತ್ತರ: ಮೋಸ ಹೋಗಿಲ್ಲ. ಮೊದಲ ದಿನ ನಾವೂ ಹೀಗೇ ಮುಖ ಮುಖ ನೋಡಿಕೊಂಡು ಕೂತಿದ್ದೆವು. ಅಂಗಡಿಯಲ್ಲಿ ಅವರು ಹಾಕಿದ್ದು ಚಾನೆಲ್ ಅಲ್ಲ, ಪೆನ್‌ಡ್ರೈವ್‌ನಲ್ಲಿ ತುಂಬಿಟ್ಟ 4ಕೆ ವಿಡಿಯೊ. ನಿಮ್ಮನೆಗೆ ಡಿಶ್‌ನಿಂದ ಬರೋದು ಸಾದಾ ಚಾನೆಲ್. ಲೆಕ್ಕ ಹಾಕಿ ನೋಡಿ. ಸಾದಾ ಚಾನೆಲ್ಲಿನ ಚಿತ್ರದಲ್ಲಿ ಅಡ್ಡಕ್ಕೆ ಹೆಚ್ಚೆಂದರೆ 720 ಚುಕ್ಕಿ, ಮೇಲಿಂದ ಕೆಳಕ್ಕೆ 576. ಗುಣಿಸಿದರೆ ನಾಲ್ಕು ಲಕ್ಷ ಚಿಲ್ಲರೆ. 4ಕೆ ಪರದೆಯಲ್ಲಿ ಇರೋದು 3840ಕ್ಕೆ 2160, ಅಂದರೆ ಸುಮಾರು 83 ಲಕ್ಷ. ಬಂದ ಒಂದೊಂದು ಚುಕ್ಕಿಯನ್ನೂ ಟಿವಿ ಇಪ್ಪತ್ತಕ್ಕೆ ಹಿಗ್ಗಿಸಬೇಕು. ಪಾಸ್‌ಪೋರ್ಟ್ ಸೈಜ್ ಫೋಟೊ ತಗೊಂಡು ಹೋಗಿ ಮದುವೆ ಫ್ಲೆಕ್ಸ್ ಮಾಡಿಸಿದ ಹಾಗೆ. ನಿಮ್ಮ ಡಬ್ಬಾ ಟಿವಿಯ ಪರದೆ ಚಿಕ್ಕದು, ಹಾಗಾಗಿ ಮಸುಕು ಗೊತ್ತಾಗುತ್ತಿರಲಿಲ್ಲ.

ಯೂಟ್ಯೂಬ್‌ನಲ್ಲಿ ಒಂದು 4ಕೆ ವಿಡಿಯೊ ಹಾಕಿ ನೋಡಿ. ಅದು ಚೆನ್ನಾಗಿ ಬಂದರೆ ಟಿವಿ ಸರಿ ಇದೆ. ಆಮೇಲೆ ಡಿಶ್‌ನ ಸೆಟ್‌ಟಾಪ್ ಬಾಕ್ಸಿನ ಹಿಂದೆ ಕೈಹಾಕಿ. ಹಳದಿ, ಕೆಂಪು, ಬಿಳಿ ಮೂತಿಯ ಹಳೇ ವಯರೇ ಇನ್ನೂ ಇದ್ದರೆ ಅದನ್ನು ಕಿತ್ತು ಎಚ್‌ಡಿಎಂಐ ವಯರ್ ಹಾಕಿ, ಬಾಕ್ಸ್ ಹಳೆಯದಾದರೆ ಎಚ್‌ಡಿ ಬಾಕ್ಸ್ ತರಿಸಿ, ನೀವು ದಿನಾ ನೋಡುವ ನಾಲ್ಕೈದು ಚಾನೆಲ್ ಮಾತ್ರ ಎಚ್‌ಡಿ ಮಾಡಿಸಿಕೊಳ್ಳಿ, ಎಲ್ಲವನ್ನೂ ಮಾಡಿಸಿ ದುಡ್ಡು ಸುರಿಯಬೇಡಿ.

ಇನ್ನೊಂದು ವಿಷಯ. ಟಿವಿ ಮೊದಲ ಸಲ ಆನ್ ಮಾಡಿದಾಗ ಅಂಗಡಿಗಾ, ಮನೆಗಾ ಅಂತ ಕೇಳುತ್ತೆ. ಫಿಟ್ ಮಾಡೋಕೆ ಬಂದ ಹುಡುಗ ಅವಸರದಲ್ಲಿ ಅಂಗಡಿ ಅಂತ ಒತ್ತಿ ಹೋಗಿದ್ದರೆ, ನೀವು ಏನು ಸೆಟ್ಟಿಂಗ್ ಮಾಡಿದರೂ ಸ್ವಲ್ಪ ಹೊತ್ತಿಗೆ ವಾಪಸ್ ಕಣ್ಣು ಕುಕ್ಕುವ ಬಣ್ಣಕ್ಕೇ ಬಂದು ನಿಲ್ಲುತ್ತೆ. ನಮ್ಮನೆಯಲ್ಲಿ ಆದದ್ದೂ ಇದೇ. ನ್ಯೂಸ್ ಓದುವವರ ಕೆನ್ನೆಯೆಲ್ಲ ಟೊಮೆಟೊ. ಮನೆ ಅಂತ ಬದಲಾಯಿಸಿ, ಪಿಕ್ಚರ್ ಮೋಡ್‌ನಲ್ಲಿ ವಿವಿಡ್ ಬಿಟ್ಟು ಸಿನಿಮಾ ಇಟ್ಟು, ಬಣ್ಣವನ್ನು ವಾರ್ಮ್ ಮಾಡಿದೆ. ಅತ್ತೆ ಒಳಗಿಂದ ಬಂದು ಒಂದು ನಿಮಿಷ ನೋಡಿದರು. "ಇದೇನೇ, ಟಿವಿಗೆ ಕಾಮಾಲೆ ಬಂದಿದೆ" ಅಂದರು. ನಿಜ, ಮೊದಲಿಗೆ ಹಳದಿ ಅನಿಸುತ್ತೆ. ಅಲ್ಲಿವರೆಗೆ ನೀಲಿ ಬೆರೆತ ಬಿಳಿ ನೋಡಿ ಅಭ್ಯಾಸ ಅಲ್ವಾ. ನಾಲ್ಕು ದಿನ ಹಾಗೇ ಬಿಡಿ. ಐದನೇ ದಿನ ಮೊಮ್ಮಗ ವಾಪಸ್ ವಿವಿಡ್ ಮಾಡಿದಾಗ ಕಣ್ಣು ಉರಿಯುತ್ತೆ ಅಂತ ಬೈದವರು ಇದೇ ಅತ್ತೆ.

ಪ್ರಶ್ನೆ: ನೀವು ಮೇ ತಿಂಗಳಲ್ಲಿ ಕೊಂಡಿರಿ. ಜಿಎಸ್‌ಟಿ ಇಳಿಯೋವರೆಗೆ ಕಾದಿದ್ದರೆ ಎಷ್ಟು ಉಳಿಯುತ್ತಿತ್ತು?
(ಮಡಿಕೇರಿಯಿಂದ)

ಉತ್ತರ: ಹೊಟ್ಟೆ ಉರಿಸಬೇಡಿ. 32 ಇಂಚಿಗಿಂತ ದೊಡ್ಡ ಟಿವಿಗೆ ಇದ್ದ 28 ಪರ್ಸೆಂಟ್ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 25,000 ಇರುವ ಟಿವಿಗೆ ನಾವು 32,000 ಕೊಟ್ಟೆವು ಅಂದುಕೊಳ್ಳಿ, ನೀವು ಈಗ 29,500 ಕೊಡುತ್ತೀರಿ. ಎರಡೂವರೆ ಸಾವಿರ. ಆದರೆ ನಮಗೆ ಕಾಯೋ ಹಾಗಿರಲಿಲ್ಲ, ಯಾಕೆ ಅಂತ ಕೆಳಗೇ ಇದೆ.

ಪ್ರಶ್ನೆ: ಹೊಸ ಟಿವಿಗೆ ಸ್ಟೆಬಿಲೈಸರ್ ಬೇಕೇ ಬೇಕು ಅಂತ ಅಂಗಡಿಯವರು. ಬೇಡ ಅಂತ ನನ್ನ ತಮ್ಮ. ಸಂಜೆಯಾದರೆ ನಮ್ಮಲ್ಲಿ ವೋಲ್ಟೇಜ್ ಇರೋದೇ ಇಲ್ಲ.
(ಸುಂಟಿಕೊಪ್ಪದಿಂದ, ಶನಿವಾರಸಂತೆಯಿಂದಲೂ ಇದೇ ಪ್ರಶ್ನೆ ಇದೆ)

ಉತ್ತರ: ಟಿವಿಯ ಬೆನ್ನು ನೋಡಿ. ಅಲ್ಲಿ ಅಂಟಿಸಿರುವ ಚೀಟಿಯಲ್ಲಿ 100ರಿಂದ 240 ವೋಲ್ಟ್ ಅಂತ ಇದ್ದರೆ ವೋಲ್ಟೇಜ್ ಕಮ್ಮಿಯಾಯಿತು ಅಂತ ಟಿವಿ ಕೆಡುವುದಿಲ್ಲ, ನಿಮ್ಮ ತಮ್ಮ ಹೇಳಿದ್ದೇ ಸರಿ. ಕೆಡಿಸೋದು ಕಮ್ಮಿ ಆಗೋದಲ್ಲ, ಒಮ್ಮೆಗೇ ಜಾಸ್ತಿ ಆಗೋದು. ಲೈನ್ ಮೇಲೆ ಮರ ಬಿದ್ದು ಎರಡು ದಿನದ ಮೇಲೆ ಕರೆಂಟು ಬರುವಾಗ ಬಲ್ಬು ಒಂದು ಸಲ ಬೆಳ್ಳಗೆ ಉರಿದು ಸರಿಹೋಗುತ್ತಲ್ಲ, ಅದು. ಅದಕ್ಕಿಂತ ಕೆಟ್ಟದ್ದು ಸಿಡಿಲು.

2025ರ ಮೇಯಲ್ಲಿ ಒಂದು ಸಂಜೆ ಬೇಸಿಗೆ ಮಳೆಯ ಗುಡುಗು ಶುರುವಾಯಿತು. ನಾನೇ ಎದ್ದು ಹೋಗಿ ಟಿವಿ ಪ್ಲಗ್ ಕಿತ್ತೆ, ಬಾಕ್ಸಿನ ಪ್ಲಗ್ ಕಿತ್ತೆ, ಬುದ್ಧಿವಂತೆ ಅಂದುಕೊಂಡು ಅಡುಗೆಮನೆಗೆ ಹೋದೆ. ಡಿಶ್ ವಯರ್ ಹಾಗೇ ಇತ್ತು. ಹಿತ್ತಲಿನ ತೆಂಗಿನ ಮರಕ್ಕೆ ಸಿಡಿಲು ಬಡಿದಾಗ ಹಾಲ್‌ನಿಂದ ಚಟ್ ಅಂತ ಒಂದು ಶಬ್ದ. ಆಮೇಲೆ ಸುಟ್ಟ ವಾಸನೆ. ಡಿಶ್‌ನಿಂದ ಬಾಕ್ಸಿಗೆ, ಬಾಕ್ಸಿನಿಂದ ಎಚ್‌ಡಿಎಂಐ ವಯರ್ ಹಿಡಿದು ಟಿವಿಗೆ. ಬಾಕ್ಸಿನ ಹಿಂದೆ ವಯರ್ ಸಿಕ್ಕಿಸುವಲ್ಲಿ ಕಾಡಿಗೆ ಬೆರಳಲ್ಲಿ ಒತ್ತಿದ ಹಾಗೆ ಕಪ್ಪು. ಹಳೇ 32 ಇಂಚಿನ ಟಿವಿ ಅಲ್ಲಿಗೆ ಮುಗಿಯಿತು. ಪ್ಯಾರಿಸ್ ಒಲಿಂಪಿಕ್ಸಿನ ಹಾಕಿಯಲ್ಲಿ ಸ್ಪೇನ್ ಮೇಲೆ 2-1ರಲ್ಲಿ ಗೆದ್ದು ನಮ್ಮವರು ಕಂಚು ತಂದಿದ್ದನ್ನು ಅದರಲ್ಲೇ ನೋಡಿದ್ದು.

ಹಾಗಾಗಿ ಸ್ಟೆಬಿಲೈಸರ್ ದುಡ್ಡಿನಲ್ಲಿ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಅರ್ಥಿಂಗ್ ಸರಿ ಇಲ್ಲದ ಮನೆಗೆ, ಒಮ್ಮೆಗೇ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ತಂದರೂ ಒಂದೇ, ತರದಿದ್ದರೂ ಒಂದೇ. ಮಾರ್ಚ್ ಕೊನೆಯಿಂದ ಮಳೆ ಹಿಡಿಯುವವರೆಗೆ, ಆಮೇಲೆ ಅಕ್ಟೋಬರಿನಲ್ಲಿ, ಗುಡುಗು ದೂರ ಇರುವಾಗಲೇ ಪ್ಲಗ್, ಡಿಶ್ ವಯರ್, ಇಂಟರ್ನೆಟ್ ವಯರ್ ಮೂರನ್ನೂ ಕಿತ್ತಿಡಿ. ತಲೆ ಮೇಲೆ ಬಂದಾಗ ಕೀಳೋಕೆ ಹೋಗಬೇಡಿ, ಟಿವಿ ಹೋದರೆ ಹೋಗಲಿ. ರಿಮೋಟಿನಲ್ಲಿ ಆಫ್ ಮಾಡೋದು ಆಫ್ ಅಲ್ಲ.

ಇನ್ವರ್ಟರಿನಲ್ಲಿ ಟಿವಿ ನಡೆಯುತ್ತಾ ಅಂತಲೂ ಕೇಳಿದ್ದೀರಿ. ನಡೆಯುತ್ತೆ. ನಮ್ಮ ಟಿವಿಯ ಚೀಟಿಯಲ್ಲಿ 95 ವ್ಯಾಟ್ ಅಂತ ಇದೆ. ಇಂಥ ಟಿವಿಯಲ್ಲಿ ಕರೆಂಟು ಜಾಸ್ತಿ ತಿನ್ನೋದು ಪರದೆಯ ಹಿಂದಿನ ಬೆಳಕು. ಜುಲೈನಲ್ಲಿ ಕರೆಂಟು ಹೋದಾಗ ನಾವು ಬ್ಯಾಕ್‌ಲೈಟ್ ಅರ್ಧಕ್ಕೆ ಇಳಿಸಿ ನೋಡುತ್ತಿದ್ದೆವು, ಕತ್ತಲೆ ಕೋಣೆಯಲ್ಲಿ ಅಷ್ಟು ಸಾಕು.

ಪ್ರಶ್ನೆ: ಜೋರು ಮಳೆ ಬಂದರೆ ಡಿಶ್ ಸಿಗ್ನಲ್ ಇಲ್ಲ. ಹೊಸ ಟಿವಿ ಕೊಂಡರೆ ಸರಿಹೋಗುತ್ತಾ?
(ಭಾಗಮಂಡಲದಿಂದ)

ಉತ್ತರ: ಇಲ್ಲ. ಟಿವಿಗೂ ಅದಕ್ಕೂ ಸಂಬಂಧ ಇಲ್ಲ. ಈ ಚಿಕ್ಕ ಡಿಶ್‌ಗೆ ಬರುವ ಕೆಯು ಬ್ಯಾಂಡ್ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು, ದಪ್ಪ ಹನಿಯ ಮಳೆ ಅದನ್ನು ದಾರಿಯಲ್ಲೇ ಹೀರಿ ಚೆದುರಿಸಿಬಿಡುತ್ತೆ. ಹಿಂದೆ ಅಂಗಳದಲ್ಲಿ ನಿಲ್ಲಿಸುತ್ತಿದ್ದ ಕೊಡೆಯಂಥ ದೊಡ್ಡ ಡಿಶ್‌ಗೆ ಉದ್ದ ತರಂಗ ಬರುತ್ತಿತ್ತು, ಅದಕ್ಕೆ ಮಳೆಯ ಕಾಟ ಕಮ್ಮಿ. ನಿಮ್ಮಲ್ಲಿ ಸಂಗಮ ತುಂಬಿ ರಸ್ತೆ ಮುಳುಗುವಂಥ ಮಳೆಗೆ ಯಾರ ಡಿಶ್ಶೂ ನಿಲ್ಲುವುದಿಲ್ಲ. ಆದರೆ ತುಂತುರಿಗೂ ಚಿತ್ರ ಹೋಗುತ್ತಿದ್ದರೆ ತೊಂದರೆ ಬೇರೆ ಇದೆ. ನಮ್ಮ ಕಡೆ ಡಿಶ್‌ಗಳು ಹೆಚ್ಚುಕಮ್ಮಿ ಆಗ್ನೇಯಕ್ಕೆ ಮುಖ ಮಾಡಿರುತ್ತವೆ. ಆ ದಿಕ್ಕಿನಲ್ಲಿ ಸಿಲ್ವರ್ ಓಕ್ ಬೆಳೆದು ಅಡ್ಡ ಬಂದಿದೆಯಾ ನೋಡಿ, ಮಳೆಗೆ ಮೊದಲು ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರೋದು) ಮಾಡಿಸುವಾಗ ಆ ಕೊಂಬೆಯನ್ನೂ ಕಡಿಸಿಬಿಡಿ. ಡಿಶ್ ತುದಿಯಲ್ಲಿ ವಯರ್ ಸೇರುವಲ್ಲಿ ತುಕ್ಕು ಹಿಡಿದಿರುತ್ತೆ, ತುದಿ ಕತ್ತರಿಸಿ ಹೊಸ ಪಿನ್ ಹಾಕಿಸಿ. ವಯರ್ ಕಿಟಕಿಯೊಳಗೆ ಬರುವ ಮೊದಲು ಒಂದು ಕಡೆ ಕೆಳಗೆ ಜೋತುಬೀಳುವ ಹಾಗೆ ಬಿಡಿಸಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಇಲ್ಲದಿದ್ದರೆ ವಯರ್ ಹಿಡಿದು ನೇರ ಬಾಕ್ಸಿಗೇ ಇಳಿಯುತ್ತೆ.

ಪ್ರಶ್ನೆ: ನಮ್ಮದು ಹಂಚಿನ ಹಳೇ ಮನೆ. ಟಿವಿ ಗೋಡೆಗೆ ಹಾಕಿಸಲಾ, ಮೇಜಿನ ಮೇಲೆ ಇಡಲಾ? ಮಳೆಗಾಲದಲ್ಲಿ ಗೋಡೆ ಬೆವರುತ್ತೆ.
(ಸೋಮವಾರಪೇಟೆಯಿಂದ)

ಉತ್ತರ: ಮೇಜಿನ ಮೇಲೆ. ಮಣ್ಣಿನ ಗೋಡೆಯಾದರೆ ಸ್ಕ್ರೂ ಹಿಡಿಯುವುದಿಲ್ಲ, ಇವತ್ತು ಗಟ್ಟಿ ಅನಿಸಿದ್ದು ಆಗಸ್ಟಿನಲ್ಲಿ ಸಡಿಲ ಆಗುತ್ತೆ. ಮಳೆ ಹೊಡೆಯುವ ಪಡುವಣ ಗೋಡೆಗಂತೂ ಬೇಡವೇ ಬೇಡ. ನಮ್ಮಲ್ಲಿ ಒಳಗಿನ ಅಡ್ಡಗೋಡೆಗೆ ತಾಗಿಸಿ ಮೇಜು ಇಟ್ಟು, ಹಿಂದೆ ಒಂದು ಗೇಣು ಜಾಗ ಬಿಟ್ಟಿದ್ದೇವೆ. ನೆಂಟರ ಮನೆಗೆ ಹೋದರೂ ಸರಿ, ಮಳೆಗಾಲದಲ್ಲಿ ವಾರಗಟ್ಟಲೆ ಟಿವಿ ಆಫ್ ಮಾಡಿ ಇಡಬೇಡಿ. ದಿನಾ ಒಂದು ಗಂಟೆ ಓಡಿದರೆ ಒಳಗಿನ ಬಿಸಿಗೆ ತೇವ ಆರುತ್ತೆ. ಪ್ಲಾಸ್ಟಿಕ್ ಕವರ್ ಹಾಕಿ ಮುಚ್ಚೋದು ತೇವವನ್ನು ಒಳಗೇ ಕಟ್ಟಿಹಾಕಿದ ಹಾಗೆ, ತೆಳು ಬಟ್ಟೆ ಸಾಕು. ಹಲ್ಲಿ ಬೆಚ್ಚಗಿರುತ್ತೆ ಅಂತ ಬೆನ್ನಿನ ತೂತಿನಲ್ಲಿ ಹೋಗಿ ಕೂರುತ್ತೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಪ್ರಶ್ನೆ: 55 ಇಂಚು ತಂದೆವು. ಹಾಕಿ ಮ್ಯಾಚ್ ನೋಡುವಾಗ ಚೆಂಡಿನ ಹಿಂದೆ ಬಾಲ ಬರುತ್ತೆ. ಪಕ್ಕದಲ್ಲಿ ಕೂತವರಿಗೆ ಬಣ್ಣ ಪೇಲವ ಕಾಣುತ್ತೆ ಅಂತೆ.
(ವಿರಾಜಪೇಟೆಯಿಂದ)

ಉತ್ತರ: 1997ರಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾಟ ಶುರುವಾದ ಕರಡದ ಪಕ್ಕದವರು ನೀವು, ಈ ಪ್ರಶ್ನೆ ನಿಮ್ಮಿಂದ ಬರದೆ ಇನ್ನೆಲ್ಲಿಂದ ಬರಬೇಕು. ಬಾಲಕ್ಕೆ ಒಂದು ಕಾರಣ ಮೋಷನ್ ಅಂತ ಇರುವ ಸೆಟ್ಟಿಂಗ್. ಎರಡು ಚಿತ್ರದ ನಡುವೆ ಇಲ್ಲದ ಚಿತ್ರವನ್ನು ಟಿವಿ ತಾನೇ ಊಹಿಸಿ ಸೇರಿಸುತ್ತೆ. ನಿಧಾನ ಓಡುವ ಮನುಷ್ಯನನ್ನು ಊಹಿಸೋದು ಸುಲಭ, ಹೊಡೆದ ಚೆಂಡನ್ನು ಊಹಿಸೋಕೆ ಹೋಗಿ ತಪ್ಪುತ್ತೆ. ಅದನ್ನು ತೀರಾ ಕಮ್ಮಿ ಮಾಡಿ, ಇಲ್ಲ ಆಫ್ ಮಾಡಿ. ಸಿನಿಮಾ ಹಾಕಿದರೂ ಸೀರಿಯಲ್ ಥರ ಕಾಣುತ್ತೆ ಅಂತ ಮೂರು ಪತ್ರ ಬಂದಿವೆ, ಅದಕ್ಕೂ ಇದೇ ಉತ್ತರ.

ಬಣ್ಣದ್ದು ಮಾತ್ರ ಸೆಟ್ಟಿಂಗಿಗೆ ಬಗ್ಗುವುದಿಲ್ಲ. ಎಲ್‌ಇಡಿ ಟಿವಿ ಪರದೆಯಲ್ಲಿ ಮುಖ್ಯವಾಗಿ ಎರಡು ಜಾತಿ. ವಿಎ ಅನ್ನೋದರಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗಿರುತ್ತೆ, ಆದರೆ ಎದುರಿಗೆ ಕೂತು ನೋಡಬೇಕು. ಐಪಿಎಸ್‌ನಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಹೋಗುವುದಿಲ್ಲ, ಆದರೆ ದೀಪ ಆರಿಸಿದರೆ ಕಪ್ಪು ಬೂದಿ ಬೂದಿ. ನಿಮ್ಮದು ವಿಎ ಇರಬೇಕು. ಮ್ಯಾಚ್ ಇದ್ದ ದಿನ ಗೋಡೆಯಿಂದ ಗೋಡೆಗೆ ಜನ ಕೂರುವ ಮನೆಗೆ ಐಪಿಎಸ್ ಒಳ್ಳೆಯದಿತ್ತು. ಈಗ ಆಗೋದಿಷ್ಟೇ, ಹಿರಿಯರಿಗೆ ನಡುವಿನ ಕುರ್ಚಿ ಕೊಡಿ. ಸೈಜು ತಪ್ಪಾಗಿಲ್ಲ, ಎಂಟು ಅಡಿ ದೂರದಿಂದ ನೋಡುವವರಿಗೆ 55 ದೊಡ್ಡದೇನಲ್ಲ. ನಮ್ಮ 43 ಅಷ್ಟು ದೂರಕ್ಕೆ ಚಿಕ್ಕದಾಯಿತು ಅಂತ ಈಗ ಅನಿಸುತ್ತಿದೆ, ಮನೆಯಲ್ಲಿ ಹೇಳಿಲ್ಲ.

ಪ್ರಶ್ನೆ: ಶೀಟಿನ ಮೇಲೆ ಮಳೆ ಬಿದ್ದರೆ ಟಿವಿ ಮಾತು ಒಂದೂ ಕೇಳಿಸುವುದಿಲ್ಲ.
(ನಾಪೋಕ್ಲು, ನಮ್ಮ ಊರಿನವರೇ)

ಉತ್ತರ: ತೆಳು ಟಿವಿಯ ಸ್ಪೀಕರ್ ನೆಲ ನೋಡಿಕೊಂಡಿರುತ್ತೆ, ನಮ್ಮ ಕಡೆಗಲ್ಲ. ಸೌಂಡ್ ಮೋಡ್‌ನಲ್ಲಿ ಮಾತು ಸ್ಪಷ್ಟ ಮಾಡುವಂಥದ್ದು ಒಂದಿರುತ್ತೆ, ಅದನ್ನು ಹಾಕಿ. ಸಾಲದಿದ್ದರೆ ಒಂದು ಚಿಕ್ಕ ಸೌಂಡ್‌ಬಾರ್. ಅದರ ವಯರನ್ನು ಟಿವಿಯ ಹಿಂದೆ ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ತೂತಿಗೇ ಹಾಕಿ, ಪಕ್ಕದ್ದಕ್ಕೆ ಹಾಕಿ ಶಬ್ದ ಬರಲಿಲ್ಲ ಅಂತ ನಾನು ಅರ್ಧ ದಿನ ಒದ್ದಾಡಿದ್ದೇನೆ.

ಪ್ರಶ್ನೆ: ಮನೆಗೆ ಇಂಟರ್ನೆಟ್ ಲೈನ್ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್ ಸಾಕಾ?
(ಸಿದ್ದಾಪುರದಿಂದ)

ಉತ್ತರ: ಟವರ್ ಸಿಕ್ಕರೆ ಸಾಕು. ಆದರೆ ಎಚ್‌ಡಿ ಸಿನಿಮಾ ಗಂಟೆಗೆ ಸುಮಾರು 3 ಜಿಬಿ ನುಂಗುತ್ತೆ, 4ಕೆ ಆದರೆ 7ರವರೆಗೆ ಹೋಗುತ್ತೆ. ದಿನಕ್ಕೆ 2 ಜಿಬಿ ಪ್ಯಾಕ್‌ನವರು ಯೂಟ್ಯೂಬ್‌ನಲ್ಲಿ ಚಿತ್ರದ ಕ್ವಾಲಿಟಿಯನ್ನು 480ಕ್ಕೆ ಇಳಿಸಿಕೊಂಡು ನೋಡಿ.

ಪ್ರಶ್ನೆ: ಪರದೆಯನ್ನು ಯಾವುದರಲ್ಲಿ ಒರೆಸಬೇಕು? ನಮ್ಮಲ್ಲಿ ಸೌದೆ ಒಲೆ, ಹೊಗೆಯ ಜಿಡ್ಡು ಕೂರುತ್ತೆ.
(ಪೊನ್ನಂಪೇಟೆಯಿಂದ)

ಉತ್ತರ: ಟಿವಿ ಆಫ್ ಮಾಡಿ, ತಣ್ಣಗಾಗಲಿ. ಕನ್ನಡಕ ಒರೆಸುವಂಥ ಮೆತ್ತನೆ ಬಟ್ಟೆ. ಜಿಡ್ಡು ಹೋಗದಿದ್ದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ಒತ್ತದೆ ಒರೆಸಿ, ಆಮೇಲೆ ಒಣ ಬಟ್ಟೆ. ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ಬೇಡ, ಪರದೆ ಮೇಲಿನ ಲೇಪ ಹೋಗುತ್ತೆ. ಪರದೆಗೆ ನೇರವಾಗಿ ನೀರು ಚಿಮುಕಿಸಲೂಬೇಡಿ, ಅದು ಜಾರಿ ಕೆಳಗಿನ ಅಂಚಿನೊಳಗೆ ಹೋಗುತ್ತೆ. ಹಳೇ ಸೀರೆ ತುಂಡು ಆಗುತ್ತಾ ಅಂತಲೂ ಕೇಳಿದ್ದೀರಿ. ಕಾಟನ್ ಆದರೆ ಆಗುತ್ತೆ, ಜರಿ ಅಂಚು ಕತ್ತರಿಸಿ.