ಎಲ್ಲರ ಹಾಗಿರಲೇ, ನನ್ನ ಹಾಗಿರಲೇ?

ಪ್ರಶ್ನೆ: ನನಗೆ 29 ವರ್ಷ. ಆಫೀಸಿನಲ್ಲಿ ತಂಡದವರು ಏನೇ ಹೇಳಿದರೂ ತಲೆಯಾಡಿಸುತ್ತೇನೆ. ಕಳೆದ ವಾರ ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದ ಲೆಕ್ಕದಲ್ಲಿ ತಪ್ಪಿತ್ತು. ನನಗೆ ಗೊತ್ತಿದ್ದೂ ಸುಮ್ಮನಿದ್ದೆ. ಹಿಂದೊಮ್ಮೆ ಬೇರೆ ಅಭಿಪ್ರಾಯ ಹೇಳಿದಾಗ ‘ಇವಳೊಬ್ಬಳೇ ಬುದ್ಧಿವಂತೆ’ ಅಂತ ಆಡಿಕೊಂಡಿದ್ದರು. ನಾನು ಹೇಡಿಯೇ? ಎಲ್ಲರ ಹಾಗೆ ಇದ್ದುಬಿಡಲೇ?
– ಹೆಸರು ಬೇಡ

ಉತ್ತರ: ಹೇಡಿ ಎಂಬ ಮಾತನ್ನು ಮೊದಲು ಬಿಟ್ಟುಬಿಡಿ. ನಿಮಗಾದದ್ದು ಬಹಳ ಜನರಿಗೆ ಆಗುತ್ತದೆ.

ಮನಶ್ಶಾಸ್ತ್ರಜ್ಞ ಸೊಲೊಮನ್ ಆಶ್ 1950ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಒಂದು ಗೆರೆ ತೋರಿಸಿ, ಬೇರೆ ಮೂರರಲ್ಲಿ ಯಾವುದು ಅಷ್ಟೇ ಉದ್ದ ಇದೆ ಅಂತ ಕೇಳುತ್ತಿದ್ದರು. ತೀರಾ ಸುಲಭದ ಪ್ರಶ್ನೆ. ಆದರೆ ಒಬ್ಬರನ್ನು ಬಿಟ್ಟು ಕೋಣೆಯಲ್ಲಿದ್ದ ಉಳಿದವರಿಗೆಲ್ಲ, ಬೇಕಂತಲೇ ತಪ್ಪು ಉತ್ತರ ಕೊಡಿ ಅಂತ ಮೊದಲೇ ಹೇಳಿಟ್ಟಿರುತ್ತಿದ್ದರು. ಹೀಗೆ ಒಂಟಿಯಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಗುಂಪಿನ ತಪ್ಪು ಉತ್ತರವನ್ನೇ ಹೇಳಿದರು. ಅಪರಿಚಿತರ ಮುಂದೆಯೇ ಹೀಗಾದರೆ, ದಿನಾ ಮುಖ ನೋಡಬೇಕಾದವರ ಮುಂದೆ ಬಾಯಿ ಕಟ್ಟುವುದು ಸಹಜ ಅಲ್ವಾ?

ಇದೇ ಪ್ರಯೋಗದಲ್ಲಿ ನಿಮಗೆ ಬೇಕಾದ ದಾರಿಯೂ ಇದೆ. ಒಬ್ಬರೇ ಒಬ್ಬರು ಸರಿ ಉತ್ತರ ಹೇಳಿದರೂ ಸಾಕು, ತಪ್ಪಿಗೆ ದನಿಗೂಡಿಸುವವರು ಬಹಳ ಕಡಿಮೆಯಾದರು. ಉತ್ತರವನ್ನು ಎಲ್ಲರೆದುರು ಹೇಳುವ ಬದಲು ಬರೆದುಕೊಡಲು ಬಿಟ್ಟಾಗಲೂ ಹಾಗೇ ಆಯಿತು. ಹಾಗಾಗಿ ಎಲ್ಲರೆದುರು ಎದ್ದು ನಿಂತು ವಾದಿಸುವ ಧೈರ್ಯ ಬರಲಿ ಅಂತ ಕಾಯಬೇಡಿ. ತಪ್ಪಾದ ಲೆಕ್ಕವನ್ನು ನಾಳೆಯೇ ಬರೆದು ತಂಡದ ಮುಖ್ಯಸ್ಥರಿಗೆ ಕಳಿಸಿ. ‘ಇಲ್ಲಿ ನನಗೆ ಹೀಗೆ ಬರುತ್ತಿದೆ, ಒಮ್ಮೆ ನೋಡ್ತೀರಾ?’ ಅಂದರೆ ಸಾಕು. ಮುಂದಿನ ಮೀಟಿಂಗಿಗೆ ಮುಂಚೆ, ನಿಮಗೆ ನಂಬಿಕೆ ಇರುವ ಒಬ್ಬರ ಹತ್ತಿರ ಮಾತಾಡಿ. ಅವರಿಗೂ ಅದೇ ಅನುಮಾನ ಇರಬಹುದು, ಅವರೂ ನಿಮ್ಮ ಹಾಗೆಯೇ ಸುಮ್ಮನಿರಬಹುದು.

ಇಷ್ಟು ದಿನ ಹೊಂದಿಕೊಂಡು ಹೋದದ್ದು ದಂಡ ಅಂತಲೂ ಅಂದುಕೊಳ್ಳಬೇಡಿ. ನಮಗೆ ಗೊತ್ತಿಲ್ಲದ ಕೆಲಸದಲ್ಲಿ ನಾಲ್ಕು ಜನರನ್ನು ನೋಡಿ ನಡೆಯುವುದು ಜಾಣತನವೇ. ಗುಂಪಿನ ರೀತಿಗೆ ಹೊಂದಿಕೊಂಡು, ಕೆಲಸದಲ್ಲಿ ಹೆಸರು ಗಳಿಸಿದವರು ಮುಂದೆ ಬೇರೆ ಮಾತಾಡಿದರೂ ಗುಂಪು ಸಹಿಸಿಕೊಳ್ಳುತ್ತದೆ ಅಂತ ಎಡ್ವಿನ್ ಹೊಲಾಂಡರ್ ಎಂಬ ಮನಶ್ಶಾಸ್ತ್ರಜ್ಞ 1958ರಲ್ಲೇ ಬರೆದಿದ್ದಾರೆ. ನೀವು ಗಳಿಸಿರುವ ಆ ವಿಶ್ವಾಸವನ್ನು ಸಣ್ಣಪುಟ್ಟದಕ್ಕೆಲ್ಲ ಖರ್ಚು ಮಾಡಬೇಡಿ. ಎಲ್ಲಿ ಕೂರಬೇಕು, ಯಾವ ಬಣ್ಣ ಹಾಕಬೇಕು ಎಂಬಂಥ ವಿಷಯದಲ್ಲಿ ಒಪ್ಪಿಕೊಂಡರೆ ನೀವೇನೂ ಕಳೆದುಹೋಗುವುದಿಲ್ಲ. ಆದರೆ ನೀವು ಸುಮ್ಮನಿದ್ದರೆ ಯಾರಿಗಾದರೂ ನಷ್ಟ ಆಗುತ್ತದೆ ಅಂತ ಗೊತ್ತಿದ್ದಾಗ ಹೇಳಲೇಬೇಕು. ಅಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ.

ಆಡಿಕೊಳ್ಳುವವರು ಆಗಲೂ ಆಡಿಕೊಳ್ಳಬಹುದು. ಒಂದೆರಡು ಸಲ ನೋವಾಗುತ್ತದೆ, ತಡೆದುಕೊಳ್ಳಿ. ಹೀಗೆ ಮೆತ್ತಗೆ, ಲೆಕ್ಕ ಮುಂದಿಟ್ಟು ಹೇಳಿದ ಮೇಲೂ ಪ್ರತಿ ಸಲ ಅವಮಾನವೇ ಆದರೆ, ಬೇರೆ ತಂಡ ಕೇಳಿಕೊಳ್ಳಿ. ಅದಕ್ಕೆ ನಾಚಿಕೆ ಬೇಡ.