ರಾತ್ರಿಯ ಅನ್ನ, ಬೆಳಗಿನ ಚಿತ್ರಾನ್ನ

ಪ್ರಶ್ನೆ: ರಾತ್ರಿ ಉಳಿದ ಅನ್ನವನ್ನು ಕುಕ್ಕರಿನಲ್ಲೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿದೆ. ಹಬೆಯಾಡುವಷ್ಟು ಬಿಸಿ ಮಾಡಿದ್ದೆ, ಹಳಸಿದ ವಾಸನೆಯೂ ಇರಲಿಲ್ಲ. ಆದರೂ ಎರಡು ಗಂಟೆಯೊಳಗೆ ಮೂವರಿಗೂ ವಾಂತಿ. ಬಿಸಿಗೆ ಕ್ರಿಮಿ ಸಾಯುವುದಿಲ್ಲವೇ, ಡಾಕ್ಟರೇ?
– ಗೃಹಿಣಿ, ತಿಪಟೂರು

ಉತ್ತರ: ಕ್ರಿಮಿ ಸಾಯುತ್ತದಮ್ಮ, ಅದು ಬಿಟ್ಟುಹೋದ ವಿಷ ಉಳಿಯುತ್ತದೆ. ಇಷ್ಟು ಬೇಗ ವಾಂತಿಯಾಗಿದೆ ಎಂದರೆ ನನ್ನ ಅನುಮಾನ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲೆ. ಗದ್ದೆಯ ಮಣ್ಣಿನಿಂದ ಅಕ್ಕಿಗಂಟಿ ಬರುವ ಇದರ ಬೀಜಕಗಳು ಅನ್ನ ಬೆಂದರೂ ಬದುಕಿರುತ್ತವೆ. ಅನ್ನ ಉಗುರುಬೆಚ್ಚಗಾದಾಗ ಮೊಳೆತು, ಹೆಚ್ಚಿ, ಸೆರೆಯುಲೈಡ್ ಎಂಬ ವಿಷ ತಯಾರಿಸುತ್ತವೆ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಅದು ಜಗ್ಗುವುದಿಲ್ಲ. ನಿಮ್ಮ ಒಗ್ಗರಣೆ ಯಾವ ಲೆಕ್ಕ? ನಿಂಬೆಹುಳಿಗೂ ಬಗ್ಗದು. ಮೂಗನ್ನಂತೂ ನಂಬಬೇಡಿ. ಹಾಸ್ಟೆಲಿನಲ್ಲಿ ಘಮಘಮಿಸುವ ಪುಳಿಯೋಗರೆ ತಿಂದು ರಾತ್ರಿಯಿಡೀ ಬಕೆಟ್ ಹಿಡಿದು ಕುಳಿತವನು ನಾನು.

ಸಾಮಾನ್ಯವಾಗಿ ಒಂದು ದಿನದೊಳಗೆ ತಾನಾಗಿ ನಿಲ್ಲುತ್ತದೆ. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಿರಿ. ಮಗು ಮಂಕಾದರೆ, ನೀರೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಪರೂಪಕ್ಕೆ ಈ ವಿಷ ಯಕೃತ್ತನ್ನೂ ಕೆಡಿಸುತ್ತದೆ. ಇನ್ನು ಮುಂದೆ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ, ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.