ಅಪ್ಪನ ಹೆಸರು ಕೆಡಿಸಿದ ಮಗನೇ ಇವನು?

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ಸಿಟ್ಟಿನಲ್ಲಿ ಬರೆದಿದ್ದೀರಿ, ಆದರೆ ಕಥೆಯನ್ನು ಪೂರ್ತಿ ಓದಿಯೇ ಬರೆದಿದ್ದೀರಿ. ಅದಕ್ಕೇ ಎರಡು ಸಾಲಿನ ಉತ್ತರ ಕೊಟ್ಟು ಮುಗಿಸಲು ಮನಸ್ಸು ಬರಲಿಲ್ಲ.

ಉಳಿದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಕಳೆದ ತಿಂಗಳು ನಾವು 'ಬ್ಯಾಟ್‌ಮನ್' ಕಾಮಿಕ್ಸ್‌ನ 666ನೇ ಸಂಚಿಕೆಯನ್ನು ಮೆಚ್ಚಿ ಬರೆದಿದ್ದೆವು. 2007ರಲ್ಲಿ ಬಂದದ್ದು, ಕಥೆ ಗ್ರಾಂಟ್ ಮಾರಿಸನ್, ಚಿತ್ರ ಆ್ಯಂಡಿ ಕ್ಯೂಬರ್ಟ್. ಬ್ರೂಸ್ ವೇನ್‌ನ ಮಗ ಡೇಮಿಯನ್ ಮುಂದೊಂದು ದಿನ ತಾನೇ ಬ್ಯಾಟ್‌ಮನ್ ಆಗಿ ಗಾಥಮ್ ನಗರ ಕಾಯುವ ಕಥೆ ಅದು. ನಿಮ್ಮ ದೂರು ಹೀಗಿದೆ: ಬ್ಯಾಟ್‌ಮನ್ ಯಾರನ್ನೂ ಕೊಲ್ಲುವುದಿಲ್ಲ, ಅದೇ ಅವನ ದೊಡ್ಡತನ. ಈ ಮಗ ಕತ್ತು ಮುರಿಯುತ್ತಾನೆ, ಸಾಲದ್ದಕ್ಕೆ ಸೈತಾನನಿಗೆ ಆತ್ಮವನ್ನೇ ಮಾರಿಕೊಂಡಿದ್ದಾನೆ. ಅಪ್ಪನ ಹೆಸರು ಕೆಡಿಸಿದ ಮಗನನ್ನು ಪತ್ರಿಕೆ ಯಾಕೆ ಹೊಗಳಬೇಕು? ಕೊನೆಗೆ, ಐದನೇ ಕ್ಲಾಸಿನ ನಿಮ್ಮ ಮಗ ಇದನ್ನು ಓದಬಹುದಾ ಎಂದು ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. ತಲೆಕೆಳಗಾಗಿ ನೇತುಹಾಕಿದ ಹೆಣಗಳಿವೆ ಇದರಲ್ಲಿ. ಪ್ರೊಫೆಸರ್ ಪಿಗ್ ಎಂಬ ಖಳ ಓದುಗರ ಮುಂದೆ ಮೊದಲ ಬಾರಿ ಕಾಣಿಸಿಕೊಳ್ಳುವುದೇ ಹೀಗೆ, ಹೆಣವಾಗಿ. ಹತ್ತು ವರ್ಷದ ಮಕ್ಕಳಿಗೆ ಕೊಡುವಂಥದ್ದಲ್ಲ.

ಈಗ ಮಗನ ವಿಷಯ. ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ನಮ್ಮಂಥವರಿಗೆ ಉತ್ತರಾಧಿಕಾರಿ ಅಂದರೆ ಫ್ಯಾಂಟಮ್ ನೆನಪಾಗುತ್ತಾನೆ. ಅಪ್ಪ ಸಾಯುತ್ತಾನೆ, ಮಗ ತಲೆಬುರುಡೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಾನೆ, ಅದೇ ಬಟ್ಟೆ ತೊಡುತ್ತಾನೆ. ಊರಿನವರಿಗೆ ಆಳು ಬದಲಾದದ್ದೇ ಗೊತ್ತಾಗುವುದಿಲ್ಲ. ನಾವು ಓದಿದ ಫ್ಯಾಂಟಮ್ ಇಪ್ಪತ್ತೊಂದನೆಯವನು. ಆ ಇಪ್ಪತ್ತೊಂದು ಜನರಲ್ಲಿ ಒಬ್ಬನಾದರೂ ಅಪ್ಪನಷ್ಟು ಒಳ್ಳೆಯವನಾಗಿರದಿದ್ದರೆ ಏನಾಗುತ್ತಿತ್ತು? ಚಿಕ್ಕಂದಿನಲ್ಲಿ ನಾವ್ಯಾರೂ ಹೀಗೆ ಕೇಳಲಿಲ್ಲ ಅಲ್ವಾ? 666ನೇ ಸಂಚಿಕೆ ಕೇಳುವುದು ಸರಿಯಾಗಿ ಇದನ್ನೇ, ಮತ್ತು ನನಗೆ ಅದು ಇಷ್ಟವಾಗಲು ಮೊದಲ ಕಾರಣವೂ ಇದೇ.

ಡೇಮಿಯನ್ ಎಲ್ಲಿಂದ ಬಂದವನು ಎಂಬುದನ್ನು ಮರೆಯಬೇಡಿ. ತಾಯಿ ತಾಲಿಯಾ, ತಾಯಿಯ ಅಪ್ಪ ಬ್ಯಾಟ್‌ಮನ್‌ನ ಹಳೆಯ ಶತ್ರು ರಾಸ್ ಅಲ್ ಗುಲ್. ಹುಡುಗ ಬೆಳೆದದ್ದೇ ಕೊಲೆಗಾರರ ನಡುವೆ. 2006ರಲ್ಲಿ, 655ನೇ ಸಂಚಿಕೆಯಿಂದ ಶುರುವಾಗುವ ಕಥೆಯಲ್ಲಿ, ಅವನನ್ನು ತಂದು ಅಪ್ಪನ ಎದುರು ನಿಲ್ಲಿಸುತ್ತಾರೆ. ಬಂದ ಸ್ವಲ್ಪ ಹೊತ್ತಿಗೇ ಒಬ್ಬ ಖಳನ ತಲೆ ಕಡಿದು ತರುತ್ತಾನೆ, ಅಪ್ಪನಿಗೆ ಸಂತೋಷವಾಗುತ್ತದೆ ಅಂದುಕೊಂಡೇ ತರುತ್ತಾನೆ. ಆಗ ಬ್ಯಾಟ್‌ಮನ್‌ನ ಜೊತೆಗಾರ 'ರಾಬಿನ್' ಆಗಿದ್ದ ಟಿಮ್ ಡ್ರೇಕ್‌ನನ್ನು ಹೊಡೆದು ಕೆಡವುತ್ತಾನೆ. ಅವನನ್ನು ಯಾರೂ ಪ್ರೀತಿಯಿಂದ ಬೆಳೆಸಿರಲಿಲ್ಲ, ಸುಮ್ನೆ ಒಂದು ಆಯುಧದ ಹಾಗೆ ಹರಿತ ಮಾಡಿದ್ದರು.

ಈ ಹುಡುಗನೇ ದೊಡ್ಡವನಾಗಿ 666ರಲ್ಲಿ ಬ್ಯಾಟ್‌ಮನ್. ಬೋಳು ತಲೆ, ಉದ್ದ ಕೋಟು, ಮನೆಯಲ್ಲಿ ಜೊತೆಗೆ ಇರುವುದು ಆಲ್ಫ್ರೆಡ್ ಎಂಬ ಒಂದು ಬೆಕ್ಕು ಮಾತ್ರ. ಅಪ್ಪನಷ್ಟಾಗಲಿ, ಮೊದಲ ರಾಬಿನ್ ಆಗಿದ್ದ ಡಿಕ್ ಗ್ರೇಸನ್‌ನಷ್ಟಾಗಲಿ ತಾನು ಒಳ್ಳೆಯವನಾಗಲಾರೆ ಎಂದು ಅವನಿಗೆ ಗೊತ್ತು. ಅವನೇ ಅದನ್ನು ಹೇಳುತ್ತಾನೆ. ಆದರೆ ಗಾಥಮ್ ಅನ್ನು ಕೈಬಿಡುವುದಿಲ್ಲ ಎಂದು ಮಾತು ಕೊಟ್ಟಾಗಿದೆ. ಏನು ಮಾಡುತ್ತಾನೆ? ಮೋಸದ ದಾರಿ ಹಿಡಿಯುತ್ತಾನೆ. ವರ್ಷಗಟ್ಟಲೆ ಕೂತು ಊರಿನ ದೊಡ್ಡ ಕಟ್ಟಡಗಳಿಗೆಲ್ಲ ಒಳಗಿಂದೊಳಗೆ ಸ್ಫೋಟಕ ಮತ್ತು ಬಲೆಗಳನ್ನು ಹೂಡಿಟ್ಟಿರುತ್ತಾನೆ, ಯಾವ ಖಳ ಯಾವ ಕಟ್ಟಡದಲ್ಲಿ ಸಿಕ್ಕರೂ ಆ ಕಟ್ಟಡವೇ ಅವನ ಆಯುಧ. ಬ್ಯಾಟ್‌ಮನ್ ಸತ್ತ ರಾತ್ರಿ ಸೈತಾನನ ಜೊತೆ ಮಾಡಿಕೊಂಡ ಒಪ್ಪಂದವೂ ಅಂಥದ್ದೇ: ನನ್ನ ಆತ್ಮ ತಗೋ, ಊರು ಉಳಿಯಲಿ.

ನೀವು ಇದನ್ನು ದುರಾಸೆ ಎಂಬಂತೆ ಓದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಅವನು ತನಗಾಗಿ ಏನನ್ನೂ ಕೇಳಿಕೊಂಡಿಲ್ಲ. ಅಪ್ಪನ ನಿಯಮ ಮುರಿದಿದ್ದಾನೆ, ಹೌದು. ಆದರೆ ಅದನ್ನು ಮುರಿದದ್ದು ಅಪ್ಪನ ಮಾತು ಉಳಿಸಲಿಕ್ಕೆ, ಮತ್ತು ಎರಡನ್ನೂ ಒಟ್ಟಿಗೆ ಉಳಿಸುವ ಶಕ್ತಿ ತನಗಿಲ್ಲ ಎಂದು ಒಪ್ಪಿಕೊಂಡೇ ಅವನು ಬದುಕುತ್ತಿದ್ದಾನೆ. ಅವನು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ, ಕಥೆಯೂ ಹೇಳುವುದಿಲ್ಲ. ಅವನ ಗಾಥಮ್‌ನಲ್ಲಿ ನೆಮ್ಮದಿಯಾಗಿರುವ ಒಬ್ಬ ಮನುಷ್ಯನಾದರೂ ಕಾಣುತ್ತಾನಾ, ನೋಡಿ.

ನಿಮ್ಮ ಪತ್ರದಲ್ಲಿ ಬಾರ್ಬರಾ ಗಾರ್ಡನ್ ಹೆಸರೇ ಇಲ್ಲ. ನನಗೆ ಈ ಸಂಚಿಕೆಯ ಜೀವ ಇರುವುದೇ ಅಲ್ಲಿ. 1967ರಲ್ಲಿ ಬ್ಯಾಟ್‌ಗರ್ಲ್ ಆಗಿ ಬಂದವಳು, 1988ರಲ್ಲಿ ಜೋಕರ್ ಎಂಬ ಖಳನ ಗುಂಡು ತಗುಲಿ ವೀಲ್‌ಚೇರ್ ಹಿಡಿದವಳು, ಈ ಭವಿಷ್ಯದಲ್ಲಿ ಅಪ್ಪನ ಹುದ್ದೆಯಲ್ಲಿದ್ದಾಳೆ, ಪೊಲೀಸ್ ಕಮಿಷನರ್. ಡೇಮಿಯನ್‌ನನ್ನು ಕಂಡರೆ ಅವಳಿಗೆ ಆಗುವುದೇ ಇಲ್ಲ. ಅವರ ಅಪ್ಪಂದಿರು ಪೊಲೀಸ್ ಠಾಣೆಯ ಮಹಡಿಯ ಮೇಲೆ ದೀಪ ಹಚ್ಚಿ, ಪಕ್ಕಪಕ್ಕ ನಿಂತು ಊರಿನ ಕಷ್ಟ ಮಾತಾಡಿಕೊಂಡವರು. ಮಕ್ಕಳಿಬ್ಬರೂ ಅವರವರ ಅಪ್ಪನ ಕೆಲಸ ಹಿಡಿದಿದ್ದಾರೆ, ಆ ಸ್ನೇಹ ಮಾತ್ರ ಇವರಿಗೆ ಬರಲಿಲ್ಲ. ಸೈತಾನನ ಒಪ್ಪಂದಕ್ಕಿಂತ ಇದು ನನ್ನನ್ನು ಜಾಸ್ತಿ ಕಾಡಿತು.

ಇನ್ನು ಡೇಮಿಯನ್‌ನ ಕೈಯಲ್ಲಿ ಕತ್ತು ಮುರಿಸಿಕೊಳ್ಳುವ ಆ ಮನುಷ್ಯ, ಮೈಕಲ್ ಲೇನ್. ಹಿಂದೆ ಗಾಥಮ್ ಪೊಲೀಸ್ ಆಗಿದ್ದವನು. ಬ್ಯಾಟ್‌ಮನ್‌ಗೆ ಏನಾದರೂ ಆದರೆ ಬದಲಿಗೆ ಇರಲಿ ಎಂದು ಮೂವರು ಪೊಲೀಸರನ್ನು ತಯಾರು ಮಾಡಿದ್ದರು, ಅದರಲ್ಲಿ ಮೂರನೆಯವನು. ಈಗ ಬ್ಯಾಟ್‌ಮನ್ ವೇಷದಲ್ಲೇ ಬಂದು ತಾನು ಕ್ರಿಸ್ತವಿರೋಧಿ, ಸೈತಾನನ ಮಗ ಎನ್ನುತ್ತಾನೆ. ಅಂದರೆ ಅವನೂ ಒಬ್ಬ ಉತ್ತರಾಧಿಕಾರಿಯೇ. ಒಂದೇ ಹೆಸರಿಗೆ ಇಬ್ಬರು ವಾರಸುದಾರರು, ಇಬ್ಬರ ಮೇಲೂ ಸೈತಾನನ ನೆರಳು. ಬೈಬಲ್‌ನ ಪ್ರಕಟನೆ ಪುಸ್ತಕದಲ್ಲಿ ಮೃಗದ ಸಂಖ್ಯೆ 666 ಎಂದಿದೆ, ಸಂಚಿಕೆಯ ನಂಬರಿಗೆ ಹೊಂದಲಿ ಎಂದೇ ಮಾರಿಸನ್ ಈ ವಿಷಯ ಆರಿಸಿಕೊಂಡದ್ದು ಎದ್ದು ಕಾಣುತ್ತದೆ. ಆದರೂ ಅದನ್ನು ಅಷ್ಟಕ್ಕೇ ಬಿಡದೆ ಕಥೆಯ ಒಳಗೆ ತಂದಿದ್ದಾರೆ.

ಒಂದು ವಿಷಯದಲ್ಲಿ ನಿಮ್ಮ ಜೊತೆ ನಾನಿದ್ದೇನೆ. ಖಳರ ಸಂತೆ ಜಾಸ್ತಿಯಾಯಿತು. ಇಪ್ಪತ್ತು ಚಿಲ್ಲರೆ ಪುಟಗಳಲ್ಲಿ ಅಷ್ಟೊಂದು ಹೊಸ ಮುಖ ತುಂಬಿದರೆ ಯಾರಿಗೂ ಉಸಿರಾಡಲು ಜಾಗ ಇರುವುದಿಲ್ಲ. ಪಿಗ್ ಮತ್ತು ಫ್ಲೆಮಿಂಗೋ ಎಂಬ ಇನ್ನೊಬ್ಬ ಖಳ ಎಷ್ಟು ಭಯಂಕರರು ಎಂಬುದು ಗೊತ್ತಾಗಲು ಓದುಗರು 2009ರವರೆಗೆ ಕಾಯಬೇಕಾಯಿತು.

ಇಷ್ಟಾದ ಮೇಲೂ ಹುಡುಗ ಕೆಟ್ಟವನೇ ಎನ್ನುವಿರಾದರೆ, ಮುಂದಿನ ಕಥೆ ಓದಿ ಎಂದು ಕೇಳಿಕೊಳ್ಳುತ್ತೇನೆ. 2009ರಲ್ಲಿ ಡೇಮಿಯನ್ ರಾಬಿನ್ ಆಗುತ್ತಾನೆ, ಆಗ ಬ್ಯಾಟ್‌ಮನ್ ವೇಷದಲ್ಲಿರುವುದು ಅಪ್ಪ ಅಲ್ಲ, ಡಿಕ್ ಗ್ರೇಸನ್. ಡಿಕ್ ಅವನನ್ನು ತಿದ್ದುತ್ತಾನೆ, ನಗಿಸುತ್ತಾನೆ, ಸಹಿಸಿಕೊಳ್ಳುತ್ತಾನೆ. 2012ರ 'ಬ್ಯಾಟ್‌ಮನ್ ಇನ್‌ಕಾರ್ಪೊರೇಟೆಡ್' ಸರಣಿಯಲ್ಲಿ, ಕಸಾಯಿಖಾನೆಯೊಂದರಲ್ಲಿ ಹೊಡೆದಾಟ ಮುಗಿದ ಮೇಲೆ, ಇವತ್ತಿನಿಂದ ನಾನು ಸಸ್ಯಾಹಾರಿ ಎಂದು ಹೇಳಿ ಅಲ್ಲಿದ್ದ ಹಸುವೊಂದನ್ನು ಮನೆಗೆ ಹೊಡೆದುಕೊಂಡು ಬರುತ್ತಾನೆ. ತಲೆ ಕಡಿದು ತಂದವನೇ ಇವನು! ಅದೇ ಸರಣಿಯಲ್ಲಿ ಬೆಕ್ಕೂ ಬರುತ್ತದೆ, ಹುಡುಗ ಅದಕ್ಕೆ ಆಲ್ಫ್ರೆಡ್ ಎಂದು ಹೆಸರಿಡುತ್ತಾನೆ. 666 ಓದಿದವರಿಗೆ ಅಲ್ಲಿ ಎದೆ ಧಸಕ್ಕೆನ್ನುತ್ತದೆ, ಯಾಕೆಂದರೆ ಆ ಕತ್ತಲ ಭವಿಷ್ಯ ಒಂದು ಹೆಜ್ಜೆ ಹತ್ತಿರ ಬಂದಂತೆ. ಅಪ್ಪನಿಗೂ ಆ ಭವಿಷ್ಯದ ಭಯವಿದೆ, ಮಗ ಬ್ಯಾಟ್‌ಮನ್ ಆದರೆ ಗಾಥಮ್ ಉಳಿಯುವುದಿಲ್ಲ ಎಂದು ನಂಬಿ ಅವನನ್ನು ದೂರ ಕಳಿಸಲು ನೋಡುತ್ತಾನೆ. 2013ರಲ್ಲಿ ಹುಡುಗ ಸಾಯುತ್ತಾನೆ, ತನ್ನದೇ ತದ್ರೂಪಿಯ ಕತ್ತಿಗೆ ಸಿಕ್ಕಿ. ಮರುವರ್ಷ ಅವನನ್ನು ಬದುಕಿಸಿ ತಂದರು ನಿಜ, ಆದರೆ ಆ ಸಾವಿನ ಪುಟ ಓದುವಾಗ ಯಾರಿಗೂ ಅದು ಗೊತ್ತಿರಲಿಲ್ಲ.

ಓದುವ ಕ್ರಮ ಹೇಳುತ್ತೇನೆ: 655ರಿಂದ 658, ಆಮೇಲೆ ಮತ್ತೊಮ್ಮೆ 666, ಆಮೇಲೆ 2009ರ 'ಬ್ಯಾಟ್‌ಮನ್ ಆ್ಯಂಡ್ ರಾಬಿನ್'. ಮೊದಲ ಮೂರು ಸಂಚಿಕೆಗಳ ಚಿತ್ರ ಫ್ರಾಂಕ್ ಕ್ವೈಟ್ಲಿ ಅವರದು, ನಿಧಾನವಾಗಿ ನೋಡಿ. ಇವೂ ದೊಡ್ಡವರಿಗೇ. ಮಗನಿಗೆ ಹಸುವಿನ ಕಥೆಯನ್ನು ನೀವೇ ಬಾಯಲ್ಲಿ ಹೇಳಬಹುದು. ಓದಿದ ಮೇಲೆ ಬಾರ್ಬರಾ ಬಗ್ಗೆ ನಿಮಗೆ ಏನನ್ನಿಸಿತು, ಬರೆಯಿರಿ.

- ಸಂಪಾದಕ